ಮಹಡಿ ಜಾಸ್ತಿ ಬೇಕಾ, ತೆರಿಗೆ ಕಮ್ಮಿ ಬೇಕಾ? ವಾರ್ಡಿನಲ್ಲಿ ಕೇಳುವ ಮೊದಲು ಒಂದು ಹೋಲಿಕೆ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಂಚಿನ ಮನೆ ಇತ್ತು. 30×40 ಸೈಟು, ಮುಂದೆ ಕರಿಬೇವಿನ ಗಿಡ, ಹಿತ್ತಿಲಲ್ಲಿ ಒಂದು ತೆಂಗಿನ ಮರ. ಕೆಲವು ವರ್ಷದ ಹಿಂದೆ ಅದನ್ನು ಒಡೆದರು. ಈಗ ಅಲ್ಲಿ ನೆಲಮಹಡಿ, ಅದರ ಮೇಲೆ ನಾಲ್ಕು ಮಹಡಿ, ತಾರಸಿಯ ಮೇಲೆ ಒಂದು ಶೀಟಿನ ರೂಮು. ಒಟ್ಟು ಒಂಬತ್ತು ಸಂಸಾರ. ನೆಲದಡಿಯ ಒಳಚರಂಡಿ ಪೈಪು ಮಾತ್ರ ಹಂಚಿನ ಮನೆಯ ಕಾಲದ್ದೇ. ಬೆಳಿಗ್ಗೆ ಏಳೂವರೆ ಹೊತ್ತಿಗೆ ಎಲ್ಲರ ಸ್ನಾನ ಶುರುವಾದರೆ ನಮ್ಮ ಗೇಟಿನ ಮುಂದಿನ ಚೇಂಬರ್ ಮುಚ್ಚಳದ ಸುತ್ತ ಸೋಪಿನ ನೊರೆ ಉಕ್ಕುತ್ತದೆ. ಶಾಲೆ ಮಕ್ಕಳು ಅದನ್ನು ದಾಟಿಕೊಂಡೇ ವ್ಯಾನ್ ಹತ್ತಬೇಕು.

ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಒಂದು ಟೈಲರ್ ಅಂಗಡಿ. ಎಂಟು ಅಡಿ ಅಗಲದ ಜಾಗ, ಎರಡು ಮೆಷಿನ್ನು, ಒಬ್ಬ ಹುಡುಗ. ಬಾಡಿಗೆ ಏರುತ್ತಲೇ ಇದೆ, ಬಟ್ಟೆ ಹೊಲಿಸುವವರು ಕಮ್ಮಿಯಾಗಿದ್ದಾರೆ.

ಬೀದಿಯವರು ಸೇರಿದಾಗಲೆಲ್ಲ ಎರಡು ಬೇಡಿಕೆ ಬಂದೇ ಬರುತ್ತವೆ. ಸೈಟು ಇರುವವರು, ಇನ್ನೂ ಒಂದೆರಡು ಮಹಡಿಗೆ ಅನುಮತಿ ಕೊಡಿಸಿ ಅನ್ನುತ್ತಾರೆ. ವ್ಯಾಪಾರದವರು, ತೆರಿಗೆಯಲ್ಲಿ ರಿಯಾಯಿತಿ ಕೊಡಿಸಿ ಅನ್ನುತ್ತಾರೆ. ವೋಟು ಕೇಳಲು ಬಂದವರು ಎರಡಕ್ಕೂ ತಲೆಯಾಡಿಸಿ ಹೋಗುತ್ತಾರೆ. ಎರಡೂ ಪುಕ್ಕಟೆ ಸಿಗುವ ಹಾಗೆ ಕಾಣುತ್ತವೆ, ಅಲ್ವಾ? ಆದರೆ ಎರಡಕ್ಕೂ ಬೆಲೆ ಇದೆ, ಮತ್ತು ಆ ಬೆಲೆ ಕಟ್ಟುವವರು ಬೇರೆ ಬೇರೆ ಜನ. ಒಂದನ್ನೇ ಕೇಳಬೇಕು ಅಂತಾದರೆ ಯಾವುದನ್ನು ಕೇಳಬೇಕು, ಎಲ್ಲಿ ಕೇಳಬೇಕು, ಯಾವ ಷರತ್ತಿನ ಮೇಲೆ ಕೇಳಬೇಕು ಅಂತ ನಾನು ಸುಮಾರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ನನಗೆ ಸ್ಪಷ್ಟವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಲೆಕ್ಕವೇ ಜಾಸ್ತಿ ಇದೆ, ಯಾಕೆಂದರೆ ನಾನು ದಿನಾ ನೋಡುವುದು ಅದನ್ನೇ.

ಮೊದಲು, ಯಾರ ಕೈಯಲ್ಲಿ ಏನಿದೆ

ಇದು ಗೊತ್ತಿಲ್ಲದೆ ಹೋದರೆ ಅರ್ಜಿ ತಪ್ಪು ಮೇಜಿಗೆ ಹೋಗಿ ಕೂರುತ್ತದೆ.

ಒಂದು ಸೈಟಿನಲ್ಲಿ ಎಷ್ಟು ಕಟ್ಟಬಹುದು ಅನ್ನುವುದನ್ನು ಕಾರ್ಪೊರೇಟರ್ ತೀರ್ಮಾನ ಮಾಡುವುದಿಲ್ಲ. ಅದು ಮಾಸ್ಟರ್ ಪ್ಲಾನ್ ಮತ್ತು ಅದರ ಜೊತೆಗಿನ ವಲಯ ನಿಯಮಗಳ ವಿಷಯ. ಕೊನೆಯ ಒಪ್ಪಿಗೆ ರಾಜ್ಯ ಸರ್ಕಾರದ್ದು. 2007ರಲ್ಲಿ ಒಪ್ಪಿಗೆಯಾದ, 2015ರ ಹೆಸರು ಹೊತ್ತ ಪ್ಲಾನಿನ ಮೇಲೆಯೇ ಊರು ಇಷ್ಟು ವರ್ಷ ನಡೆದಿದೆ. 2031ಕ್ಕೆ ಅಂತ ಮಾಡಿದ ಕರಡು 2017ರಲ್ಲಿ ಬಂತು, 2020ರಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಅಂದರೆ ಮೆಟ್ರೋದ ಮೊದಲ ರೈಲು ಓಡುವ ಮೊದಲು ಬರೆದ ನಿಯಮದಲ್ಲಿ ಇವತ್ತಿನ ಮನೆಗಳಿಗೆ ಪ್ಲಾನ್ ಸ್ಯಾಂಕ್ಷನ್ ಆಗುತ್ತಾ ಬಂದಿದೆ.

ಆಸ್ತಿ ತೆರಿಗೆ ಹಾಗಲ್ಲ, ಅದು ಪಾಲಿಕೆಯ ಸ್ವಂತ ದುಡ್ಡು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಅನ್ನುವ ಒಂದೇ ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳಾಗಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಅವುಗಳ ಮೇಲೆ ಮುಖ್ಯಮಂತ್ರಿಯವರೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. 2015ರಲ್ಲಿ ಆರಿಸಿದ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ, ಅಧಿಕಾರಿಗಳ ಸಹಿಯಲ್ಲೇ ಊರು ನಡೆಯಿತು. ಆ ಸಮಯದಲ್ಲಿ ನಮ್ಮಂಥವರು ಹೋಗಿ ಕೇಳಲು ಒಂದು ಮನೆಬಾಗಿಲೂ ಇರಲಿಲ್ಲ. ಕಾರ್ಪೊರೇಟರ್ ಅನ್ನುವ ಒಬ್ಬರು ಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಹಾಗಾಗಿ ಮಹಡಿಯ ವಿಷಯವಾದರೆ ಶಾಸಕರನ್ನೂ ಹಿಡಿಯಬೇಕು, ವಲಯ ನಿಯಮದ ತಿದ್ದುಪಡಿ ಕರಡು ಬಂದಾಗ ಗಡುವಿನೊಳಗೆ ಆಕ್ಷೇಪಣೆಯನ್ನೂ ಹಾಕಬೇಕು. ತೆರಿಗೆ ವಿಷಯವಾದರೆ ಪಾಲಿಕೆಯ ಕೌನ್ಸಿಲ್ಲೇ ಸರಿಯಾದ ಜಾಗ.

ಒಂದು ಮಹಡಿಯ ಲೆಕ್ಕ

ಎಫ್‌ಎಆರ್ ಅನ್ನುವ ಮಾತನ್ನು ಎಲ್ಲರೂ ಬಳಸುತ್ತಾರೆ. ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಅನ್ನುವುದೇ ಅದು. 30×40 ಅಂದರೆ 1,200 ಚದರ ಅಡಿ. 2015ರ ಪ್ಲಾನಿನಲ್ಲಿ ಸಣ್ಣ ಸೈಟಿಗೆ, ಕಿರಿದಾದ ರಸ್ತೆಗೆ ಸಿಗುವುದು 1.75. ಅಂದರೆ 2,100 ಚದರ ಅಡಿ. ತಲಾ 700 ಅಡಿಯ ಮೂರು ಅಂತಸ್ತು, ಅಷ್ಟೆ. ರಸ್ತೆ ಅಗಲವಾಗಿ, ಸೈಟು ದೊಡ್ಡದಾದ ಹಾಗೆ ಇದು 3.25ರ ವರೆಗೆ ಏರುತ್ತದೆ. ಮೆಟ್ರೋ ನಿಲ್ದಾಣದ ಪಕ್ಕದಲ್ಲಿ 4ರ ವರೆಗೆ ಕೊಡುವ ನಿಯಮವೂ ಇದೆ.

ನಮ್ಮ ಬೀದಿಯ ಆ ಒಂಬತ್ತು ಸಂಸಾರದ ಕಟ್ಟಡ 2,100 ಅಡಿಯಲ್ಲಿ ನಿಂತಿಲ್ಲ ಅಂತ ಬೇರೆ ಹೇಳಬೇಕಿಲ್ಲ. ಹೀಗೆ ಮೊದಲು ಕಟ್ಟಿ ಆಮೇಲೆ ಸಕ್ರಮ ಮಾಡಿಸಿಕೊಳ್ಳುವುದು ಬೆಂಗಳೂರಿನಲ್ಲಿ ಮೂರನೆಯ ಒಂದು ಆಯ್ಕೆಯೇ ಆಗಿಬಿಟ್ಟಿದೆ. ಅಕ್ರಮ-ಸಕ್ರಮ ಯೋಜನೆಯಲ್ಲಿ ವಾಸದ ಮನೆಗೆ ಶೇ 50, ವಾಣಿಜ್ಯ ಕಟ್ಟಡಕ್ಕೆ ಶೇ 25ರ ವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಲು ಹೊರಟಿದ್ದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಿಯಮದಂತೆ ಕಟ್ಟಿದವರು ಪೆದ್ದರು ಅನ್ನಿಸುವ ಯಾವ ದಾರಿಯನ್ನೂ ನಾನು ಒಪ್ಪುವುದಿಲ್ಲ. ಅದನ್ನು ಈ ಹೋಲಿಕೆಯಿಂದ ಆಚೆಗೇ ಇಡುತ್ತೇನೆ.

ಈಗ 1.75 ಅನ್ನು 2.25 ಮಾಡಿದರು ಅಂದುಕೊಳ್ಳಿ. 30×40ಕ್ಕೆ 600 ಚದರ ಅಡಿ ಜಾಸ್ತಿ ಸಿಗುತ್ತದೆ. ಒಂದು ಬೆಡ್‌ರೂಮಿನ ಮನೆ. ತಿಂಗಳಿಗೆ 15,000 ಬಾಡಿಗೆ ಅಂತ ಹಿಡಿದರೂ ಮಾಲೀಕರಿಗೆ ವರ್ಷಕ್ಕೆ 1,80,000 ರೂಪಾಯಿ. ಪಿಂಚಣಿ ಇಲ್ಲದ ಎಷ್ಟೋ ಹಿರಿಯರಿಗೆ ಆ ಬಾಡಿಗೆಯೇ ಔಷಧಿ ಖರ್ಚು. ಇದನ್ನು ಆಸೆಬುರುಕತನ ಅಂತ ತಳ್ಳಿಹಾಕುವುದು ತಪ್ಪು.

ಆದರೆ ಅದೇ ಮನೆಯ ನೀರಿನ ಲೆಕ್ಕವನ್ನೂ ಹಾಕಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರಗಳಿಗೆ ಇಟ್ಟುಕೊಂಡಿರುವ ಅಳತೆ. ಮೂವರು ಇದ್ದರೆ 405 ಲೀಟರ್. ನಮ್ಮ ಬೀದಿಯಲ್ಲಿ ನಲವತ್ತು ಸೈಟಿದೆ. ಎಲ್ಲರೂ ಒಂದೊಂದು ಮನೆ ಏರಿಸಿದರೆ ದಿನಕ್ಕೆ 16,200 ಲೀಟರ್. 6,000 ಲೀಟರಿನ ಟ್ಯಾಂಕರ್ ಹೆಚ್ಚುಕಮ್ಮಿ ಮೂರು, ಪ್ರತಿ ದಿನ, ಒಂದೇ ಬೀದಿಗೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳಿದಾಗ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಆ ಮಾರ್ಚ್ ತಿಂಗಳಲ್ಲಿ ನಮ್ಮ ಅಮ್ಮ ಅಕ್ಕಿ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದಿಟ್ಟು ಗಿಡಕ್ಕೆ ಹಾಕುತ್ತಿದ್ದರು. ಇನ್ನು ಒಳಗೆ ಬಂದ ನೀರಿನಲ್ಲಿ ಬಹುಪಾಲು ಹೊರಗೂ ಹೋಗಬೇಕಲ್ಲ, ಅದು ಹೋಗುವುದು ಆ ಹಳೆಯ ಪೈಪಿನಲ್ಲೇ.

ಅಂದರೆ ಮಹಡಿಯ ಲಾಭ ಸೈಟಿನವರಿಗೆ, ಹೊರೆ ಬೀದಿಗೆ. ಈ ಮಾತು ನೆನಪಿರಲಿ, ಮುಂದೆ ತೆರಿಗೆ ವಿಷಯದಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ನೋಡುತ್ತೇವೆ.

ಹಾಗಾದರೆ ಮಹಡಿಯೇ ಬೇಡವೇ?

ಬೇಕು. ಇದನ್ನು ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮಂಥ ಸಂಘಗಳಲ್ಲಿ ಇದಕ್ಕೆ ವಿರೋಧ ಜಾಸ್ತಿ. ಆಸ್ಪತ್ರೆಯ ನರ್ಸು, ಡೆಲಿವರಿ ಹುಡುಗ, ರಾತ್ರಿ ಪಾಳಿಯ ಸೆಕ್ಯುರಿಟಿಯವರು ಇವರೆಲ್ಲ ಎಲ್ಲಾದರೂ ಮಲಗಲೇಬೇಕು. ಊರೊಳಗೆ ಮನೆ ಕಟ್ಟಲು ಬಿಡದೆ ಹೋದರೆ ಊರು ಅಡ್ಡಡ್ಡ ಬೆಳೆಯುತ್ತದೆ. ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆಯ ಹೊಲಗಳು ಲೇಔಟ್ ಆಗುತ್ತವೆ, ಅಲ್ಲಿಂದ ಎರಡೆರಡು ಬಸ್ಸು ಬದಲಾಯಿಸಿ ಅವರು ನಮ್ಮ ಮನೆ ಮುಂದಿನ ಕೆಲಸಕ್ಕೇ ಬರಬೇಕು.

ಪ್ರಶ್ನೆ ಇರುವುದು ಎಲ್ಲಿ ಅನ್ನುವುದರಲ್ಲಿ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿಯಾಯಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು, 16 ನಿಲ್ದಾಣ. ಇಷ್ಟು ಸಾರ್ವಜನಿಕ ದುಡ್ಡು ಸುರಿದ ನಿಲ್ದಾಣದ ಪಕ್ಕದಲ್ಲಿ ಎರಡು ಅಂತಸ್ತಿನ ಶೋರೂಮು, ಅದರ ಮುಂದೆ ಕಾರು ನಿಲ್ಲಿಸುವ ಜಾಗ ಇದ್ದರೆ ಅದೇ ನಿಜವಾದ ದಂಡ. ಅಲ್ಲಿ ಎತ್ತರ ಬರಲಿ. ಇಪ್ಪತ್ತು ಅಡಿ ರಸ್ತೆಯಲ್ಲಿ, ಬೆಂಕಿ ಬಿದ್ದರೆ ಫೈರ್ ಇಂಜಿನ್ ತಿರುಗಲಾಗದ ಕಡೆ, ಬೇಡ.

ಬೇರೆ ಊರುಗಳನ್ನು ನೋಡಿದರೂ ಇದೇ ಕಾಣುತ್ತದೆ. ಹೈದರಾಬಾದಿನಲ್ಲಿ 2006ರಲ್ಲೇ ಎಫ್‌ಎಆರ್ ಮಿತಿಯನ್ನು ತೆಗೆದುಹಾಕಿದರು. ರಸ್ತೆಯ ಅಗಲ, ಸುತ್ತ ಬಿಡುವ ಸೆಟ್‌ಬ್ಯಾಕ್ ಇವುಗಳ ಮೇಲೆ ಎತ್ತರ ನಿಗದಿಯಾಗುತ್ತದೆ, ಎತ್ತರದ ಕಟ್ಟಡಕ್ಕೆ ಮೂಲಸೌಕರ್ಯದ ಶುಲ್ಕ ಬೇರೆ ಇದೆ. ಕೋಕಾಪೇಟೆಯ ಕಡೆ ಹೋದವರು ನೋಡಿರುತ್ತೀರಿ, ಕತ್ತು ನೋಯುವಷ್ಟು ಎತ್ತರದ ಕಟ್ಟಡಗಳು. ಅಲ್ಲಿ ರಸ್ತೆಗಳೂ ಅಗಲ. ಅದೇ ನಿಯಮವನ್ನು ಎತ್ತಿ ತಂದು ನಮ್ಮ ಚಿಕ್ಕಪೇಟೆಗೋ ಶ್ರೀರಾಮಪುರಕ್ಕೋ ಹಾಕಿದರೆ ಏನೂ ಆಗುವುದಿಲ್ಲ, ಯಾಕೆಂದರೆ ರಸ್ತೆಯೇ ಇಲ್ಲ.

ಅಮೆರಿಕದ ಮಿನಿಯಾಪೊಲಿಸ್ ನಗರದ ಕೌನ್ಸಿಲ್ 2018ರ ಡಿಸೆಂಬರಿನಲ್ಲಿ ಒಂದು ತೀರ್ಮಾನ ಮಾಡಿತು. ಒಂದು ಸೈಟಿಗೆ ಒಂದೇ ಮನೆ ಅನ್ನುವ ಹಳೆಯ ವಲಯ ನಿಯಮ ತೆಗೆದು ಮೂರು ಮನೆಗೆ ಅವಕಾಶ ಕೊಟ್ಟಿತು. ಬಸ್ಸು, ರೈಲು ಓಡುವ ದಾರಿಯುದ್ದಕ್ಕೂ ದೊಡ್ಡ ಅಪಾರ್ಟ್‌ಮೆಂಟಿಗೂ ದಾರಿ ಮಾಡಿತು. ಆಮೇಲೆ, ಇಷ್ಟು ಪಾರ್ಕಿಂಗ್ ಕಟ್ಟಲೇಬೇಕು ಅನ್ನುವ ಕಡ್ಡಾಯವನ್ನೂ ಕೈಬಿಟ್ಟಿತು. 2017ರಿಂದ 2022ರ ತನಕ ಅಲ್ಲಿ ಮನೆಗಳ ಸಂಖ್ಯೆ ಶೇ 12 ಹೆಚ್ಚಿತು, ಬಾಡಿಗೆ ಏರಿದ್ದು ಶೇ 1 ಮಾತ್ರ. ಅದೇ ರಾಜ್ಯದ ಉಳಿದ ಕಡೆ ಬಾಡಿಗೆ ಶೇ 14 ಏರಿತ್ತು ಅಂತ ಪ್ಯೂ ಅನ್ನುವ ಅಲ್ಲಿನ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿದೆ. ಇದರಲ್ಲಿ ಗಮನಿಸಬೇಕಾದ್ದು, ಹೊಸ ಮನೆಗಳಲ್ಲಿ ಹೆಚ್ಚಿನವು ಬಂದದ್ದು ಮುಖ್ಯ ದಾರಿಗಳ ಮೇಲಿನ ದೊಡ್ಡ ಕಟ್ಟಡಗಳಲ್ಲಿ. ಒಳಬೀದಿಯ ಮೂರು ಮನೆಯ ಅವಕಾಶದಿಂದ ಬಂದದ್ದು ಕಮ್ಮಿ. ನಾವು ಒಳಬೀದಿಯ ವಿಷಯಕ್ಕೇ ಕಿತ್ತಾಡುತ್ತಾ ಮುಖ್ಯರಸ್ತೆಯನ್ನು ಮರೆಯುತ್ತೇವೆ.

ಇನ್ನು ತೆರಿಗೆ ರಿಯಾಯಿತಿ

ಟೈಲರ್ ಅಣ್ಣನ ವಿಷಯಕ್ಕೆ ಬರೋಣ. ಅವರ ಪರವಾಗಿ ನಾನೇ ಒಮ್ಮೆ ಸಭೆಯಲ್ಲಿ ಮಾತಾಡಿದ್ದೆ, ಸಣ್ಣ ಅಂಗಡಿಗಳಿಗೆ ಆಸ್ತಿ ತೆರಿಗೆ ಇಳಿಸಬೇಕು ಅಂತ. ವಾಸದ ಮನೆಗಿಂತ ಅಂಗಡಿಗೆ ದರ ಜಾಸ್ತಿ ಅನ್ನುವುದು ನಿಜ. ಸಭೆ ಮುಗಿದ ಮೇಲೆ ಅವರು ಮೆಲ್ಲಗೆ ಕೇಳಿದರು: "ಟ್ಯಾಕ್ಸ್ ಕಮ್ಮಿ ಮಾಡಿದ್ರೆ ಓನರ್ ನನ್ ಬಾಡಿಗೆ ಕಮ್ಮಿ ಮಾಡ್ತಾರಾ ಸಾರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಸ್ತಿ ತೆರಿಗೆ ಕಟ್ಟುವುದು ಕಟ್ಟಡದ ಮಾಲೀಕರು. ಬೆಂಗಳೂರಿನ ಬಹಳಷ್ಟು ಸಣ್ಣ ಅಂಗಡಿಯವರು ಬಾಡಿಗೆದಾರರು. ವರ್ಷಕ್ಕೆ 30,000 ತೆರಿಗೆ ಬರುವ ಕಟ್ಟಡಕ್ಕೆ ಶೇ 30 ಬಿಟ್ಟುಕೊಟ್ಟರೆ ಪಾಲಿಕೆಗೆ 9,000 ಹೋಯಿತು. ಆ 9,000 ಟೈಲರ್ ಕೈಗೆ ಬರುತ್ತದೆಯೇ? ಮಾಲೀಕರು ಮನಸ್ಸು ಮಾಡಿದರೆ ಮಾತ್ರ. ಬಾಡಿಗೆಗೆ ಬೇಡಿಕೆ ಇರುವ ರಸ್ತೆಯಲ್ಲಿ ಯಾರು ಮನಸ್ಸು ಮಾಡುತ್ತಾರೆ? ಅದೇ 9,000 ಪಾಲಿಕೆಯಲ್ಲಿ ಉಳಿದಿದ್ದರೆ, ಇಂಥ ಹತ್ತು ಕಟ್ಟಡದ ದುಡ್ಡಿನಲ್ಲಿ ಅಂಗಡಿಯ ಮುಂದಿನ ಮುರಿದ ಚಪ್ಪಡಿ ಕಲ್ಲುಗಳನ್ನಾದರೂ ಸರಿಮಾಡಬಹುದಿತ್ತು. ಗಿರಾಕಿಗಳು ಎಡವದೆ ಒಳಗೆ ಬರುತ್ತಿದ್ದರು.

ಇದರಿಂದ ನಾನು ಕಲಿತದ್ದು ಇಷ್ಟು: ವ್ಯಾಪಾರಕ್ಕೆ ರಿಯಾಯಿತಿ ಅಂತ ಯಾರಾದರೂ ಹೇಳಿದ ತಕ್ಷಣ, ಚೀಟಿಯ ಮೇಲೆ ಯಾರ ಹೆಸರಿದೆ ಅಂತ ಕೇಳಬೇಕು. ಬಾಡಿಗೆದಾರರಿಗೆ ಸಹಾಯ ಮಾಡಬೇಕು ಅಂದರೆ ಟ್ರೇಡ್ ಲೈಸೆನ್ಸ್ ಶುಲ್ಕ, ಅದರ ನವೀಕರಣದ ಓಡಾಟ ಇಂಥವುಗಳಲ್ಲಿ ಮಾಡಬೇಕು. ಅವರ ಹೆಸರಿನಲ್ಲೇ ಬರುವ ಬಿಲ್ಲು ಅವು. ಏಪ್ರಿಲ್‌ನಲ್ಲಿ ಪೂರ್ತಿ ತೆರಿಗೆ ಕಟ್ಟಿದವರಿಗೆ ಶೇ 5 ಬಿಡುವ ಪದ್ಧತಿ ಬಿಬಿಎಂಪಿ ಕಾಲದಿಂದ ಬಂದಿದೆ. ಅದು ನನಗೆ ಇಷ್ಟ. ಎಲ್ಲರಿಗೂ ಒಂದೇ, ಸರಿಯಾದ ಹೊತ್ತಿಗೆ ಕಟ್ಟಿದವರಿಗೆ ಮರ್ಯಾದೆ. 2024ರಲ್ಲಿ ಬಾಕಿದಾರರ ಬಡ್ಡಿ ಮನ್ನಾ ಮಾಡಿ ದಂಡ ಇಳಿಸಿದ ಯೋಜನೆ ಬಂತಲ್ಲ, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ದುಡ್ಡು ಬಂತು ನಿಜ. ಆದರೆ ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಟ್ಟುತ್ತಿದ್ದ ನಮ್ಮ ಪಕ್ಕದ ಮನೆ ಅಂಕಲ್‌ಗೆ ಬಹಳ ಬೇಜಾರಾಗಿತ್ತು, ಮತ್ತು ಅವರ ಬೇಜಾರು ನ್ಯಾಯವಾದದ್ದೇ.

ದೊಡ್ಡ ಕಂಪನಿಗಳ ಲೆಕ್ಕ ಬೇರೆ. ಅಲ್ಲಿ ಊರು ಊರುಗಳ ನಡುವೆ ಪೈಪೋಟಿ. 2025ರ ಏಪ್ರಿಲ್‌ನಲ್ಲಿ ಆಂಧ್ರ ಸರ್ಕಾರ ವಿಶಾಖಪಟ್ಟಣದಲ್ಲಿ ಟಿಸಿಎಸ್‌ಗೆ 21.16 ಎಕರೆಯನ್ನು 99 ಪೈಸೆಯ ನಾಮಮಾತ್ರದ ದರಕ್ಕೆ ಕೊಡಲು ಒಪ್ಪಿತು, 12,000 ಕೆಲಸದ ಭರವಸೆಯ ಮೇಲೆ. ಅಂಥ ಸುದ್ದಿ ಬಂದಾಗ ನಮ್ಮಲ್ಲೂ, ನಾವು ಏನು ಕೊಡುತ್ತಿದ್ದೇವೆ ಅನ್ನುವ ಗಲಾಟೆ ಶುರುವಾಗುತ್ತದೆ. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನಲ್ಲಿ ಒಂಬತ್ತು ವರ್ಷ ಇದ್ದ ಬ್ಲ್ಯಾಕ್‌ಬಕ್ ಕಂಪನಿ ಅಲ್ಲಿಂದ ಹೊರಡುತ್ತೇವೆ ಅಂದಾಗ ಅದರ ಮುಖ್ಯಸ್ಥರು ಹೇಳಿದ ಕಾರಣ ನೋಡಿ: ಗುಂಡಿ, ದೂಳು, ಒಂದು ಕಡೆಗೆ ಒಂದೂವರೆ ಗಂಟೆಗೂ ಮೀರಿದ ಓಡಾಟ. ತೆರಿಗೆಯ ಮಾತೇ ಇರಲಿಲ್ಲ. ತೆರಿಗೆ ಬಿಟ್ಟು ಅವರನ್ನು ಉಳಿಸಿಕೊಳ್ಳಲು ಹೋದರೆ ರಸ್ತೆಗೆ ಹಾಕುವ ದುಡ್ಡೂ ಹೋಗುತ್ತದೆ.

ಎರಡನ್ನೂ ಒಟ್ಟಿಗೆ ಮಾಡಿದ ಊರು

ಅಮೆರಿಕದ ವರ್ಜೀನಿಯಾದ ಆರ್ಲಿಂಗ್ಟನ್ ಈ ಹೋಲಿಕೆಗೆ ಬಹಳ ಒಳ್ಳೆಯ ಉದಾಹರಣೆ. ವಾಷಿಂಗ್ಟನ್ ನಗರಕ್ಕೆ ನದಿಯ ಆಚೆ ದಡದಲ್ಲಿದೆ, ಆ ಕಡೆ ಐಟಿ ಕೆಲಸದಲ್ಲಿರುವ ಕನ್ನಡದವರೂ ಸಾಕಷ್ಟು. ಅಮೆಜಾನ್ 2017ರಲ್ಲಿ ತನ್ನ ಎರಡನೆಯ ಕೇಂದ್ರಕ್ಕೆ ಜಾಗ ಹುಡುಕುತ್ತೇವೆ ಅಂದಾಗ 238 ಊರುಗಳು, ಪ್ರದೇಶಗಳು ಸಾಲಿನಲ್ಲಿ ನಿಂತವು. 2018ರ ನವೆಂಬರಿನಲ್ಲಿ ಆರಿಸಿದ್ದು ನ್ಯೂಯಾರ್ಕ್ ಮತ್ತು ಆರ್ಲಿಂಗ್ಟನ್, ಎರಡೂ ಕಡೆ 25,000 ಕೆಲಸ ಅಂತ.

ನ್ಯೂಯಾರ್ಕ್ ಕೊಡಲು ಹೊರಟದ್ದು ಹತ್ತಿರ ಹತ್ತಿರ 300 ಕೋಟಿ ಡಾಲರ್. ಜನ, ಅಲ್ಲಿನ ಕೌನ್ಸಿಲ್ ಸದಸ್ಯರು ತಿರುಗಿಬಿದ್ದರು, 2019ರ ಫೆಬ್ರುವರಿಯಲ್ಲಿ ಅಮೆಜಾನ್ ಹಿಂದೆ ಸರಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆಜಾನ್ ಮ್ಯಾನ್‌ಹಟನ್‌ನಲ್ಲಿ 1,500 ಜನರಿಗೆ ಕಚೇರಿಯನ್ನು ಬಾಡಿಗೆಗೆ ಹಿಡಿಯಿತು, ಒಂದು ಡಾಲರ್ ರಿಯಾಯಿತಿಯೂ ಇಲ್ಲದೆ. ಕೆಲಸ ಮಾಡಬಲ್ಲ ಜನ ಎಲ್ಲಿದ್ದಾರೋ ಕಂಪನಿ ಅಲ್ಲಿಗೆ ಬರುತ್ತದೆ.

ವರ್ಜೀನಿಯಾ ಬೇರೆ ರೀತಿ ಮಾಡಿತು. ಮೊದಲ 25,000 ಕೆಲಸಗಳಿಗೆ 55 ಕೋಟಿ ಡಾಲರ್, ಅದೂ ಕೆಲಸ ಸೃಷ್ಟಿಯಾದ ಮೇಲೆ. ಅಂದರೆ ಒಂದು ಕೆಲಸಕ್ಕೆ 22,000 ಡಾಲರ್, ಸಂಬಳದ ಮಟ್ಟಕ್ಕೂ ಷರತ್ತು. ಆರ್ಲಿಂಗ್ಟನ್ ತನ್ನ ಕಡೆಯಿಂದ ಕಂಪನಿಯ ಕೈಗೆ ಕೊಡಲು ಒಪ್ಪಿದ ದುಡ್ಡು ಹೋಟೆಲ್ ತೆರಿಗೆಯಲ್ಲಿ ಹೆಚ್ಚಳ ಆದರೆ ಆ ಹೆಚ್ಚಳದ ಒಂದು ಪಾಲು ಮಾತ್ರ. ಬೆಳೆ ಬಂದರೆ ಪಾಲು, ಬರದಿದ್ದರೆ ಇಲ್ಲ. 2023ರಲ್ಲಿ ಅಮೆಜಾನ್ ಮೊದಲ ಹಂತದ ಕಟ್ಟಡ ತೆರೆದು ಎರಡನೆಯ ಹಂತವನ್ನು ಮುಂದಕ್ಕೆ ಹಾಕಿತು. ದುಡ್ಡು ಮೊದಲೇ ಕೊಟ್ಟಿದ್ದರೆ ಆ ಊರಿನವರು ಕೈಕೈ ಹಿಸುಕಿಕೊಳ್ಳಬೇಕಿತ್ತು.

ಅದೇ 2023ರ ಮಾರ್ಚಿನಲ್ಲಿ ಆರ್ಲಿಂಗ್ಟನ್ ಮಂಡಳಿ, ಒಂದೇ ಮನೆಗೆ ಮೀಸಲಾಗಿದ್ದ ಸೈಟುಗಳಲ್ಲಿ ಆರು ಮನೆಗಳವರೆಗೆ ಅವಕಾಶ ಕೊಟ್ಟಿತು. ಅದಕ್ಕೂ ಅವರು ಒಂದು ಲಗಾಮು ಹಾಕಿದ್ದರು: ಮೊದಲ ಐದು ವರ್ಷ, ವರ್ಷಕ್ಕೆ 58 ಅನುಮತಿ ಮಾತ್ರ. ಸ್ವಲ್ಪ ಸ್ವಲ್ಪ ಮಾಡಿ ನೋಡೋಣ ಅಂತ. ಅಷ್ಟಾದರೂ ಅಲ್ಲಿನ ಕೆಲವು ನಿವಾಸಿಗಳು ಕೋರ್ಟಿಗೆ ಹೋದರು, 2024ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು, ವಿಷಯ ಮೇಲ್ಮನವಿಗೆ ಹೋಯಿತು. ಕಂಪನಿಗೆ ದುಡ್ಡು ಕೊಡುವುದು ಅಲ್ಲಿ ಬೇಗ ಮುಗಿದ ಕೆಲಸ. ಪಕ್ಕದ ಮನೆಯ ಎತ್ತರ ಮಾತ್ರ ಎಲ್ಲ ಊರಿನಲ್ಲೂ ಜಗಳವೇ, ನೋಡಿ.

ಮನೆ ಹತ್ತಿರದ ಇನ್ನೊಂದು ದಾರಿ

ತೆರಿಗೆ ಬಿಡಬೇಕಾ ಬೇಡವಾ ಅನ್ನುವ ಜಗಳದ ಮಧ್ಯೆ ನಮ್ಮವರೇ ಮಾಡಿದ ಒಂದು ಒಳ್ಳೆಯ ಪ್ರಯೋಗವನ್ನು ಯಾರೂ ಎತ್ತುವುದಿಲ್ಲ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಆಯಿತು, ಎಲ್ಸಿಟಾ ಅಂತ ಕರೆಯುತ್ತಾರೆ. ಅಲ್ಲಿನ ಕಂಪನಿಗಳಿಗೆ ಆಸ್ತಿ ತೆರಿಗೆ ಮಾಫಿ ಮಾಡಲಿಲ್ಲ. ತೆರಿಗೆ ಕಟ್ಟಿಸಿಕೊಂಡು, ಅಲ್ಲೇ ರಸ್ತೆಗೆ, ದೀಪಕ್ಕೆ, ಚರಂಡಿಗೆ ಖರ್ಚು ಮಾಡಿ, ಒಂದು ಪಾಲನ್ನು ಅಕ್ಕಪಕ್ಕದ ಪಂಚಾಯಿತಿಗಳಿಗೆ ಕೊಡುವ ಏರ್ಪಾಡು. ಒಳಗಿನ ರಸ್ತೆಗೂ ಹೊಸೂರು ರಸ್ತೆ ದಾಟಿದ ತಕ್ಷಣ ಸಿಗುವ ರಸ್ತೆಗೂ ಇರುವ ವ್ಯತ್ಯಾಸ ಬೈಕಿನಲ್ಲಿ ಹೋದವರ ಬೆನ್ನಿಗೆ ಗೊತ್ತು. ನನಗೆ ಇದರಲ್ಲಿ ಒಂದು ಅಳುಕು ಇದೆ: ಅಲ್ಲಿ ನಿರ್ಧಾರ ಮಾಡುವುದರಲ್ಲಿ ಕಂಪನಿಗಳ ಕೈ ಮೇಲು, ಸುತ್ತಲಿನ ಹಳ್ಳಿಯವರ ದನಿ ಸಣ್ಣದು. ಆದರೂ ಕಟ್ಟಿದ ದುಡ್ಡು ಕಣ್ಣಿಗೆ ಕಾಣುವ ಹಾಗೆ ಖರ್ಚಾದರೆ ರಿಯಾಯಿತಿ ಕೇಳುವವರೇ ಕಮ್ಮಿಯಾಗುತ್ತಾರೆ.

ರಾಜ್ಯ ಸರ್ಕಾರದ ನೀತಿಯಲ್ಲಿ ಬೆಂಗಳೂರಿನ ಆಚೆಗೆ, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಕಲಬುರಗಿ ಕಡೆಗೆ ಹೋಗುವ ಉದ್ಯಮಗಳಿಗೆ ರಿಯಾಯಿತಿ ಇದೆ. ಅದು ಸರಿ. ಅಲ್ಲಿ ಕೆಲಸ ಬೇಕು, ಜಾಗ ಇದೆ, ನಮ್ಮ ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ಇಲ್ಲಿಗೆ ಬಂದು ಪಿಜಿಯಲ್ಲಿ ಕೊಳೆಯುವುದು ತಪ್ಪುತ್ತದೆ. ಆದರೆ ಅಲ್ಲಿನ ಪಾಲಿಕೆಯ ಆಸ್ತಿ ತೆರಿಗೆಯಲ್ಲಿ ಕಡಿತ ಮಾಡಿದರೆ ಆ ನಷ್ಟವನ್ನು ರಾಜ್ಯವೇ ತುಂಬಿಕೊಡಬೇಕು. ಹುಬ್ಬಳ್ಳಿಯ ಪಾಲಿಕೆ ತನ್ನ ನೀರಿನ ಪೈಪಿನ ದುಡ್ಡಿನಲ್ಲಿ ಕಂಪನಿಗೆ ಉಡುಗೊರೆ ಕೊಡುವ ಹಾಗಾಗಬಾರದು.

ನಿಮ್ಮ ಬೀದಿಗೆ ಯಾವುದು?

ನಾನು ಆರಿಸುವುದಾದರೆ ಹೀಗೆ ಆರಿಸುತ್ತೇನೆ. ಮೆಟ್ರೋಗೆ ನಡೆದು ಹೋಗಬಹುದಾದ, 60 ಅಡಿ ಅಥವಾ ಅದಕ್ಕಿಂತ ಅಗಲದ ರಸ್ತೆಯಾದರೆ ಕಣ್ಣುಮುಚ್ಚಿ ಮಹಡಿಯನ್ನೇ ಕೇಳುತ್ತೇನೆ, ಆದರೆ ಪುಕ್ಕಟೆ ಅಲ್ಲ. ಹೆಚ್ಚುವರಿ ಎಫ್‌ಎಆರ್‌ಗೆ ದುಡ್ಡು ಕಟ್ಟಿಸಿಕೊಳ್ಳುವ ಪ್ರೀಮಿಯಂ ಎಫ್‌ಎಆರ್ ಪದ್ಧತಿ ಇದೆಯಲ್ಲ, ಆ ದುಡ್ಡು ಅದೇ ವಾರ್ಡಿನ ನೀರು, ಒಳಚರಂಡಿ, ಫುಟ್‌ಪಾತಿಗೆ ಬರಬೇಕು ಅಂತ ಬರೆದು ತೆಗೆದುಕೊಳ್ಳಿ. ಇಲ್ಲದಿದ್ದರೆ ಎತ್ತರ ನಮ್ಮ ಬೀದಿಯಲ್ಲಿ, ದುಡ್ಡು ಇನ್ನೆಲ್ಲೋ ಸುರಂಗ ರಸ್ತೆಯಲ್ಲಿ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ಇದೆ. ರಸ್ತೆ ಅಗಲ ಮಾಡಲು ಜಾಗ ಕಳೆದುಕೊಂಡವರಿಗೆ ಹಣದ ಬದಲು ಟಿಡಿಆರ್ ಕೊಡುತ್ತಾರೆ, ಅಂದರೆ ಬೇರೆ ಕಡೆ ಅಷ್ಟು ಜಾಸ್ತಿ ಕಟ್ಟುವ ಹಕ್ಕಿನ ಕಾಗದ, ಅದನ್ನು ಅವರು ಬಿಲ್ಡರ್‌ಗೆ ಮಾರಿಕೊಳ್ಳಬೇಕು. ಸರ್ಕಾರವೇ ನೇರವಾಗಿ ಎಫ್‌ಎಆರ್ ಮಾರಲು ಕುಳಿತರೆ ಅವರ ಕೈಯಲ್ಲಿರುವ ಕಾಗದದ ಬೆಲೆ ಬೀಳುತ್ತದೆ. ನಿಮ್ಮ ವಾರ್ಡಿನಲ್ಲಿ ರಸ್ತೆ ಅಗಲೀಕರಣಕ್ಕೆ ಮನೆಯ ಮುಂಭಾಗ ಕೊಟ್ಟವರಿದ್ದರೆ ಅವರನ್ನು ಮೊದಲು ಕೇಳಿ.

ಹಳೆಯ ಒಳಚರಂಡಿಯ, 20–30 ಅಡಿ ರಸ್ತೆಯ ಬಡಾವಣೆಯಾದರೆ ಪೈಪು ಬದಲಾಗುವ ತನಕ ಎರಡನ್ನೂ ಕೇಳುವುದಿಲ್ಲ. ಪೈಪನ್ನೇ ಕೇಳುತ್ತೇನೆ. ಊರಿನ ಅಂಚಿನ 110 ಹಳ್ಳಿಗಳ ಕಡೆಯವರಾದರೆ, 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರು ನಿಮಗಾಗಿಯೇ ಬಂದಿದೆ; ನಿಮ್ಮ ಮನೆಗೆ ಸಂಪರ್ಕ ಸಿಕ್ಕಿದೆಯಾ, ಕೊಳಚೆ ನೀರು ಹೋಗಲು ದಾರಿ ಆಗಿದೆಯಾ ಅಂತ ನೋಡಿಕೊಂಡು ಆಮೇಲೆ ಮಹಡಿಯ ಮಾತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಟ್ರಾಕ್ಟರಿನಲ್ಲಿ ಆಫೀಸಿಗೆ ಹೋದವರನ್ನು ನೆನಪು ಮಾಡಿಕೊಳ್ಳಿ, ರಾಜಕಾಲುವೆ ಬಿಟ್ಟು ಕಟ್ಟಡ ಮಾತ್ರ ಬೆಳೆದರೆ ಏನಾಗುತ್ತದೆ ಅಂತ ಆಗಲೇ ಕಂಡಿದ್ದೇವೆ.

ತೆರಿಗೆ ರಿಯಾಯಿತಿಯನ್ನು ದೊಡ್ಡವರಿಗೆ ಕೊಡಲೇಬೇಕು ಅಂತಾದರೆ ಮೂರು ವಿಷಯ ಕೌನ್ಸಿಲ್ ನಿರ್ಣಯದಲ್ಲೇ ಇರಬೇಕು: ಎಷ್ಟು ವರ್ಷ, ಎಷ್ಟು ಕೆಲಸ ಬಂದ ಮೇಲೆ, ಮಾತು ತಪ್ಪಿದರೆ ವಾಪಸ್ ಹೇಗೆ. ಇವು ಇಲ್ಲದ ರಿಯಾಯಿತಿಗೆ ನಾನು ಬೇಡ ಅನ್ನುತ್ತೇನೆ. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ತೆರಿಗೆ ರಿಯಾಯಿತಿ ತಪ್ಪಾದರೆ ಮುಂದಿನ ಬಜೆಟ್‌ನಲ್ಲಿ ತೆಗೆಯಬಹುದು, ಹೋದ ದುಡ್ಡು ಹೋಯಿತು ಅಷ್ಟೆ. ಮಹಡಿ ತಪ್ಪಾದರೆ ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ನಿಂತಿರುತ್ತದೆ. ಹಾಗಾಗಿ ಮಹಡಿಯ ವಿಷಯದಲ್ಲಿ ಜಾಗ ಆರಿಸುವಾಗ ಎಚ್ಚರ ಜಾಸ್ತಿ ಬೇಕು, ತೆರಿಗೆಯ ವಿಷಯದಲ್ಲಿ ಷರತ್ತು ಬರೆಯುವಾಗ.

ನಮ್ಮ ಬೀದಿಯವರು ಹೋದ ಭಾನುವಾರ ಗಣಪತಿ ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆದೆವು. ಒಳಬೀದಿಯ ಎಫ್‌ಎಆರ್ ಈಗಿರುವಷ್ಟೇ ಇರಲಿ. ಬಸ್ ಸ್ಟಾಪ್ ಇರುವ ಮುಖ್ಯರಸ್ತೆಯಲ್ಲಿ ಶುಲ್ಕ ಕಟ್ಟಿಸಿಕೊಂಡು ಎರಡು ಮಹಡಿ ಜಾಸ್ತಿ ಕೊಡಿ, ನೆಲಮಹಡಿಯಲ್ಲಿ ಅಂಗಡಿಗಳಿಗೆ ಜಾಗ ಇರಲಿ. ಆ ಶುಲ್ಕದಲ್ಲಿ ಮೊದಲು ಒಳಚರಂಡಿ ಪೈಪು ಬದಲಾಯಿಸಿ. ಸಣ್ಣ ಅಂಗಡಿಯವರ ಟ್ರೇಡ್ ಲೈಸೆನ್ಸ್ ಶುಲ್ಕ ಇಳಿಸಿ. ಟೈಲರ್ ಅಣ್ಣ ಮೂರನೆಯವರಾಗಿ ಸಹಿ ಹಾಕಿದರು. ಒಂಬತ್ತು ಸಂಸಾರದ ಕಟ್ಟಡದಿಂದಲೂ ನಾಲ್ಕು ಜನ ಬಂದಿದ್ದರು, ಚೇಂಬರ್ ಉಕ್ಕುವ ಫೋಟೋ ತೆಗೆದು ಅರ್ಜಿಯ ಜೊತೆಗೆ ಇಟ್ಟವರು ಅವರೇ.